ನೂರು ಕೋಟಿಗೆ ಒಂದು: ಆಂದ್ರೇ ಸಖಾರೋವ್ ಅವರ ಬಾಳು

ಶತಮಾನೋತ್ಸವದ ಸಂಚಿಕೆಗಳಲ್ಲಿ ಸ್ಥಾಪಕರ, ದಾನಿಗಳ, ಹಿರಿಯ ಗುರುಗಳ ಜೀವನಪರಿಚಯಗಳು ಬರುವುದು ವಾಡಿಕೆ. ಅವುಗಳ ಸಾಲಿನಲ್ಲಿ, ನಮ್ಮ ಹೊಸೂರು ಸೀಮೆಗಾಗಲಿ ನಮ್ಮ ನುಡಿಗಾಗಲಿ ಸೇರದ ಒಬ್ಬ ವಿಜ್ಞಾನಿಯ ಬಾಳನ್ನೂ ಇರಿಸಬೇಕೆಂದು ನಾವು ಬಯಸಿದೆವು. ಇದಕ್ಕೆ ಕಾರಣ ತರಗತಿಯಲ್ಲಿ ಮೇಲಿಂದ ಮೇಲೆ ಏಳುವ ಒಂದು ಪ್ರಶ್ನೆ. ಪರಮಾಣುವಿನ ಪಾಠ ಮಾಡುವಾಗ, ಪ್ರತಿಯೊಂದು ಕಣಕ್ಕೂ ಒಂದು ಪ್ರತಿಕಣವಿದೆ, ಎರಡೂ ಕೂಡಿದರೆ ಎರಡೂ ಅಳಿದು ಬೆಳಕಾಗುತ್ತವೆ ಎಂದು ಹೇಳಿದೊಡನೆ ಚುರುಕಾದ ಮಗುವೊಂದು ಕೈಯೆತ್ತುತ್ತದೆ. ಹಾಗಿದ್ದರೆ ಈ ಬೆಂಚು, ಈ ಗೋಡೆ, ನಾವೆಲ್ಲ ಅಳಿಯದೆ ಹೇಗೆ ಉಳಿದೆವು ಎಂಬುದು ಆ ಮಗುವಿನ ಸಂದೇಹ. ಪಠ್ಯಪುಸ್ತಕದಲ್ಲಿ ಇದಕ್ಕೆ ಉತ್ತರವಿಲ್ಲ. ಉತ್ತರವು ಯಾವ ರೀತಿಯದಾಗಿರಬೇಕೆಂದು ಮೊದಲ ಬಾರಿಗೆ ತೋರಿಸಿದವರು ಸೋವಿಯತ್ ದೇಶದ ಆಂದ್ರೇ ದ್ಮಿತ್ರಿಯೆವಿಚ್ ಸಖಾರೋವ್. ಜಲಜನಕ ಬಾಂಬನ್ನು ರೂಪಿಸಿದ ಕೈಯೇ ಆ ಲೇಖನವನ್ನೂ ಬರೆಯಿತೆಂಬುದು ಅವರ ಬಾಳನ್ನು ನಾವು ಇಲ್ಲಿ ಹೇಳಹೊರಟಿರುವುದಕ್ಕೆ ಎರಡನೆಯ ಕಾರಣ.

ಸಖಾರೋವ್ ಹುಟ್ಟಿದ್ದು 1921ರ ಮೇ 21ರಂದು, ಮಾಸ್ಕೋ ನಗರದಲ್ಲಿ. ತಂದೆ ದ್ಮಿತ್ರಿ ಇವಾನೊವಿಚ್ ಭೌತಶಾಸ್ತ್ರದ ಅಧ್ಯಾಪಕರು. ವಿದ್ಯಾರ್ಥಿಗಳಿಗಾಗಿ ಲೆಕ್ಕಗಳ ಪುಸ್ತಕವನ್ನೂ ಜನಸಾಮಾನ್ಯರಿಗಾಗಿ ವಿಜ್ಞಾನದ ಪುಸ್ತಕಗಳನ್ನೂ ಬರೆದವರು; ಪಿಯಾನೊ ನುಡಿಸುವುದರಲ್ಲಿಯೂ ನಿಪುಣರು. ತಾತ ಇವಾನ್ ವಕೀಲರಾಗಿದ್ದು, ಮರಣದಂಡನೆಯನ್ನು ವಿರೋಧಿಸುವ ಲೇಖನಗಳ ಸಂಗ್ರಹವೊಂದನ್ನು ಸಂಪಾದಿಸಿದ್ದರು. ಬಂಧುಗಳು ಒಟ್ಟಾಗಿ ಒಂದೇ ದೊಡ್ಡ ಮನೆಯನ್ನು ಹಂಚಿಕೊಂಡು ಬಾಳುತ್ತಿದ್ದ ಕಾಲವದು. ಅಜ್ಜಿ ಮೊಮ್ಮಕ್ಕಳಿಗೆ ಪುಸ್ತಕಗಳನ್ನು ಗಟ್ಟಿಯಾಗಿ ಓದಿ ಹೇಳುತ್ತಿದ್ದರು. ಬಾಲಕ ಆಂದ್ರೇಗೆ ಮೊದಲ ಕೆಲವು ವರ್ಷಗಳ ಪಾಠ ನಡೆದದ್ದು ಮನೆಯಲ್ಲಿಯೇ. ಭೌತಶಾಸ್ತ್ರವನ್ನೂ ಗಣಿತವನ್ನೂ ಕಲಿಸಿದವರು ತಂದೆ. ಶಾಲೆಯ ಗೌರವಕ್ಕೆ ಇದರಿಂದ ಕುಂದೇನೂ ಇಲ್ಲ. ಮನೆಯಲ್ಲಿ ಓದುವ ದನಿ ಕೇಳಿಸುತ್ತಿದ್ದರೆ ಮಗು ಎಲ್ಲಿದ್ದರೂ ಕಲಿಯುತ್ತದೆ ಎಂಬುದನ್ನು ಪಾಲಕರು ಇದರಿಂದ ಗಮನಿಸಬಹುದು.

1938ರಲ್ಲಿ ಅವರು ಮಾಸ್ಕೋ ವಿಶ್ವವಿದ್ಯಾಲಯವನ್ನು ಸೇರಿದರು. 1941ರಲ್ಲಿ ಜರ್ಮನಿಯ ಸೇನೆ ದೇಶದೊಳಕ್ಕೆ ನುಗ್ಗಿದಾಗ ವಿಶ್ವವಿದ್ಯಾಲಯವನ್ನು ದೂರದ ಅಶ್ಗಾಬಾದಿಗೆ ಸಾಗಿಸಲಾಯಿತು. ಅಲ್ಲಿ 1942ರಲ್ಲಿ ಪದವಿ ಪಡೆದ ಸಖಾರೋವ್ ಮುಂದಿನ ವ್ಯಾಸಂಗದ ಅವಕಾಶವನ್ನು ಬದಿಗಿರಿಸಿ, ವೋಲ್ಗಾ ನದಿಯ ದಡದ ಉಲ್ಯಾನೊವ್ಸ್ಕ್ ಎಂಬಲ್ಲಿನ ತೋಟಾಗಳ ಕಾರ್ಖಾನೆಯಲ್ಲಿ ಎಂಜಿನಿಯರಾಗಿ ದುಡಿದರು. ಉಕ್ಕಿನ ಕವಚವನ್ನು ಸೀಳುವ ಗುಂಡುಗಳ ಗಟ್ಟಿತನವನ್ನು ಪರೀಕ್ಷಿಸುವ ಉಪಕರಣವೊಂದನ್ನು ಅಲ್ಲಿ ಕಂಡುಹಿಡಿದರು. ಅದೇ ಕಾರ್ಖಾನೆಯ ಪ್ರಯೋಗಾಲಯದಲ್ಲಿದ್ದ ಕ್ಲಾವ್ದಿಯಾ ವಿಖಿರೆವಾ ಅವರನ್ನು 1943ರಲ್ಲಿ ವಿವಾಹವಾದರು. ಈ ದಂಪತಿಗಳಿಗೆ ಮೂವರು ಮಕ್ಕಳು. 1945ರಲ್ಲಿ ಮಾಸ್ಕೋಗೆ ಮರಳಿ ಲೆಬೆಡೆವ್ ಭೌತಶಾಸ್ತ್ರ ಸಂಸ್ಥೆಯಲ್ಲಿ ಇಗೋರ್ ಟಾಮ್ ಅವರ ಶಿಷ್ಯರಾದರು. ಪರಮಾಣುವಿನ ಒಡಲಿನ ನಿಯಮಗಳನ್ನು ಅರಿಯುವುದೇ ಆಗ ಅವರ ಹಂಬಲವಾಗಿತ್ತು.

ಆದರೆ 1948ರಲ್ಲಿ ಸರ್ಕಾರವು ಟಾಮ್ ಅವರ ತಂಡವನ್ನು ಜಲಜನಕ ಬಾಂಬಿನ ಕೆಲಸಕ್ಕೆ ತೊಡಗಿಸಿತು. 1950ರಲ್ಲಿ ಸಖಾರೋವ್ ಅವರು ಸಾರೋವ್ ಎಂಬ ಗುಪ್ತ ನಗರಕ್ಕೆ ಹೋದರು. ಭೂಪಟಗಳಲ್ಲಿ ಕಾಣಿಸದ, ಸುತ್ತಲೂ ತಂತಿಬೇಲಿಯಿದ್ದ ಊರು ಅದು. ಬೈಜಿಕ ಸಮ್ಮಿಲನದ ಶಕ್ತಿಯನ್ನು ಶಾಂತಿಯುತವಾಗಿ ಪಡೆಯಬಹುದಾದ ದಾರಿಯನ್ನೂ ಅದೇ ವರ್ಷ ಟಾಮ್ ಅವರೊಡನೆ ಯೋಚಿಸಿದರು. ಅತಿ ಬಿಸಿಯಾದ ಅನಿಲವನ್ನು ಕಾಂತಕ್ಷೇತ್ರದ ಬಲೆಯಲ್ಲಿ ಹಿಡಿದಿಡುವ ಆ ಉಪಾಯವೇ ಟೋಕಮಾಕ್ ಎಂಬ ಯಂತ್ರವಾಯಿತು. ಭಾರತವೂ ಪಾಲುಗೊಂಡು ಫ್ರಾನ್ಸಿನಲ್ಲಿ ಕಟ್ಟುತ್ತಿರುವ ಐಟರ್ ಯಂತ್ರದ ಮೂಲವೂ ಅದೇ. ಬಾಂಬಿನ ಕೆಲಸ ಮಾತ್ರ ಬೇಗನೆ ಫಲ ಕೊಟ್ಟಿತು. 1953ರ ಆಗಸ್ಟ್ 12ರಂದು ಸೆಮಿಪಲಾಟಿನ್ಸ್ಕ್ ಬಯಲಿನಲ್ಲಿ ಅವರ ಕಲ್ಪನೆಯ ಬಾಂಬು ಸಿಡಿಯಿತು. ಅದೇ ವರ್ಷ, 32ರ ವಯಸ್ಸಿನಲ್ಲಿ, ಅವರು ವಿಜ್ಞಾನ ಅಕಾಡೆಮಿಯ ಪೂರ್ಣ ಸದಸ್ಯರಾದರು. ಮುಂದೆ ಸಮಾಜವಾದಿ ಶ್ರಮವೀರ ಎಂಬ ದೇಶದ ಉನ್ನತ ಬಿರುದು ಮೂರು ಬಾರಿ ಅವರಿಗೆ ಸಂದಿತು. ಎರಡೂ ಪಕ್ಷಗಳ ಬಲ ಸಮವಾಗಿದ್ದರೆ ಇನ್ನೊಂದು ಮಹಾಯುದ್ಧ ನಡೆಯಲಾರದೆಂದು ಅವರು ನಂಬಿದ್ದರು. ಆ ನಂಬಿಕೆಯಿಂದಲೇ ದುಡಿದರು. ಈ ಮಾತನ್ನು ಮರೆಮಾಚಿ ಅವರ ಕಥೆಯನ್ನು ಹೇಳುವುದು ನ್ಯಾಯವಲ್ಲ.

1955ರ ನವೆಂಬರ್ 22ರಂದು ಇನ್ನೂ ಪ್ರಬಲವಾದ ಬಾಂಬಿನ ಪರೀಕ್ಷೆ ನಡೆಯಿತು. ಲೆಕ್ಕಾಚಾರವೆಲ್ಲ ಸರಿಯಾಗಿತ್ತು. ಆದರೆ ಸ್ಫೋಟದ ಅಲೆಗೆ ಎರಡು ವರ್ಷದ ಹೆಣ್ಣುಮಗುವೊಂದೂ ಒಬ್ಬ ಯುವ ಸೈನಿಕನೂ ಬಲಿಯಾದರು. ಸಂತೋಷಕೂಟದಲ್ಲಿ ಮೊದಲ ಮಾತನಾಡುವ ಗೌರವ ಸಖಾರೋವ್ ಅವರದಾಯಿತು. ಈ ಅಸ್ತ್ರಗಳು ಇಂದಿನಂತೆ ಬಯಲಿನ ಮೇಲೆ ಮಾತ್ರ ಸಿಡಿಯಲಿ, ಎಂದೂ ನಗರಗಳ ಮೇಲೆ ಸಿಡಿಯದಿರಲಿ ಎಂದು ಅವರು ಹಾರೈಸಿದರು. ಅಲ್ಲಿದ್ದ ಮಾರ್ಷಲ್ ನೆಡೆಲಿನ್ ಅದಕ್ಕೆ ಒಂದು ಒರಟು ನಗೆಗತೆಯಿಂದ ಉತ್ತರಿಸಿದರು. ಮಾಡಿಕೊಡುವುದು ನಿಮ್ಮ ಕೆಲಸ, ಎಲ್ಲಿ ಹಾಕಬೇಕೆಂಬುದು ನಮಗೆ ಸೇರಿದ್ದು ಎಂಬುದು ಅದರ ತಾತ್ಪರ್ಯ. ಸಖಾರೋವ್ ಮೌನವಾಗಿ ಕುಳಿತರು. ಆ ಮೌನದಲ್ಲಿ ಅವರ ಬಾಳು ತಿರುವು ಪಡೆಯಿತೆಂದು ಹೇಳಬಹುದು.

ಆಮೇಲೆ ಅವರು ತಮ್ಮ ಲೆಕ್ಕದ ಶಕ್ತಿಯನ್ನು ಬೇರೊಂದು ಕಡೆಗೆ ತಿರುಗಿಸಿದರು. ವಾತಾವರಣದಲ್ಲಿ ಸಿಡಿಸುವ ಬಾಂಬುಗಳಿಂದ ಹರಡುವ ವಿಕಿರಣ ಎಷ್ಟೇ ಅಲ್ಪವಾಗಿರಲಿ, ಅದು ಕೋಟ್ಯಂತರ ಜನರ ಮೇಲೆ ತಲೆಮಾರುಗಳವರೆಗೆ ಬಿದ್ದಾಗ ಸಾವಿರಾರು ಜೀವಗಳನ್ನು ಕಳೆಯುತ್ತದೆಂದು ಎಣಿಸಿ ತೋರಿಸಿದರು. ಸಾಯುವವರು ಯಾರೆಂದು ಹೆಸರಿಸಲು ಬಾರದಿದ್ದರೂ ಅವರು ಸಾಯುವುದು ನಿಜ ಎಂಬ ಅರಿವು ಅವರನ್ನು ಬಾಧಿಸಿತು. 1961ರಲ್ಲಿ ಪರೀಕ್ಷೆಗಳನ್ನು ಮತ್ತೆ ಆರಂಭಿಸಬಾರದೆಂದು ಕ್ರುಶ್ಚೇವರಿಗೆ ಚೀಟಿ ಬರೆದು ಕೊಟ್ಟು, ಎಲ್ಲರೆದುರು ಗದರಿಕೆ ಕೇಳಬೇಕಾಯಿತು. ಆ ವರ್ಷದ ಅಕ್ಟೋಬರ್ 30ರಂದು, ಅವರೂ ಸೇರಿ ರೂಪಿಸಿದ, 50 ಮೆಗಾಟನ್ ಬಲದ, ಇದುವರೆಗಿನ ಅತಿದೊಡ್ಡ ಬಾಂಬು ಸಿಡಿಯಿತು. 1962ರಲ್ಲಿ ಎರಡು ತಂಡಗಳ ಪೈಪೋಟಿಯಿಂದ ಒಂದೇ ಬಗೆಯ ಎರಡು ಬಾಂಬುಗಳ ಪರೀಕ್ಷೆ ಗೊತ್ತಾದಾಗ, ಒಂದಾದರೂ ನಿಲ್ಲಲೆಂದು ಹೋರಾಡಿ ಸೋತರು. ಮೇಜಿನ ಮೇಲೆ ತಲೆಯಿಟ್ಟು ಅತ್ತರು. ವಾತಾವರಣದಲ್ಲಿನ ಪರೀಕ್ಷೆಗಳನ್ನು ನಿಷೇಧಿಸಿದ 1963ರ ಮಾಸ್ಕೋ ಒಪ್ಪಂದಕ್ಕೆ ಅವರು ಒತ್ತಾಸೆಯಾಗಿದ್ದರು. ಅದು ಅವರಿಗೆ ದೊರೆತ ಸಮಾಧಾನಗಳಲ್ಲಿ ಒಂದು.

ಇಂಥ ಮನಃಸ್ಥಿತಿಯಲ್ಲಿ ಅವರು ತಮ್ಮ ಯೌವನದ ಶುದ್ಧ ವಿಜ್ಞಾನಕ್ಕೆ ಮರಳಿದರು. ಅವರು ಎತ್ತಿಕೊಂಡ ಪ್ರಶ್ನೆಯ ಹಿನ್ನೆಲೆಯನ್ನು ಇಲ್ಲಿ ಸ್ವಲ್ಪ ವಿವರಿಸಬೇಕು. 1928ರಲ್ಲಿ ಇಂಗ್ಲೆಂಡಿನ ಪಾಲ್ ಡಿರಾಕ್ ಎಲೆಕ್ಟ್ರಾನಿಗೆ ಒಂದು ಸಮೀಕರಣವನ್ನು ರಚಿಸಿದರು. ತೂಕದಲ್ಲಿ ಎಲೆಕ್ಟ್ರಾನಿನಂತೆಯೇ ಇದ್ದು ವಿದ್ಯುದಂಶದಲ್ಲಿ ವಿರುದ್ಧವಾದ ಕಣವೊಂದು ಇರಬೇಕೆಂಬುದು ಅದರಿಂದ ಹೊರಟ ಸೂಚನೆ. 1932ರಲ್ಲಿ ಅಮೆರಿಕದ ಕಾರ್ಲ್ ಆಂಡರ್ಸನ್ ವಿಶ್ವಕಿರಣಗಳಲ್ಲಿ ಆ ಕಣವನ್ನು ಕಂಡರು. 1955ರಲ್ಲಿ ಪ್ರತಿಪ್ರೋಟಾನೂ ದೊರೆಯಿತು. ಶಕ್ತಿಯಿಂದ ಕಣ ಹುಟ್ಟಿದಾಗಲೆಲ್ಲ ಅದರ ಪ್ರತಿಕಣವೂ ಜೊತೆಯಲ್ಲೇ ಹುಟ್ಟುತ್ತದೆ. ಎರಡೂ ಎದುರಾದರೆ ಎರಡೂ ಪೂರ್ತಿಯಾಗಿ ಅಳಿಯುತ್ತವೆ. ಜಲಜನಕ ಬಾಂಬಿನಲ್ಲಿ ಶಕ್ತಿಯಾಗಿ ಮಾರ್ಪಡುವುದು ಅದರ ಇಂಧನದ ನೂರಕ್ಕೆ ಒಂದು ಪಾಲಿಗಿಂತಲೂ ಕಡಿಮೆ ದ್ರವ್ಯರಾಶಿ. ಇಲ್ಲಿಯಾದರೋ ಏನೂ ಮಿಗುವುದಿಲ್ಲ.

ಆದಿಯ ಮಹಾಸ್ಫೋಟದ ಬಿಸಿಯಲ್ಲಿ ದ್ರವ್ಯವೂ ಪ್ರತಿದ್ರವ್ಯವೂ ಸರಿಸಮನಾಗಿ ಹುಟ್ಟಿದ್ದರೆ, ವಿಶ್ವ ತಣಿದಂತೆ ಎರಡೂ ಒಂದನ್ನೊಂದು ಅಳಿಸಿ, ಬರಿಯ ಬೆಳಕು ಉಳಿಯಬೇಕಾಗಿತ್ತು. ನಕ್ಷತ್ರ, ನೀರು, ರಾಗಿಯ ಹೊಲ, ಯಾವುದೂ ಇರಬಾರದಾಗಿತ್ತು. 1965ರಲ್ಲಿ ಪೆಂಜಿಯಸ್ ಮತ್ತು ವಿಲ್ಸನ್ ಎಂಬ ವಿಜ್ಞಾನಿಗಳು ಆಕಾಶದ ಎಲ್ಲ ದಿಕ್ಕುಗಳಿಂದಲೂ ಬರುವ ಆ ಆದಿಕಾಲದ ಮಂದ ಬೆಳಕನ್ನು ಪ್ರಕಟಪಡಿಸಿದರು. ಎಣಿಸಿ ನೋಡಿದಾಗ, ಇಂದಿನ ವಿಶ್ವದ ಒಂದೊಂದು ಪ್ರೋಟಾನು ಅಥವಾ ನ್ಯೂಟ್ರಾನಿಗೆ ನೂರು ಕೋಟಿಗೂ ಮಿಕ್ಕ ಬೆಳಕಿನ ಕಣಗಳಿವೆ. ಇದರ ಅರ್ಥ ಹೀಗೆ: ಆದಿಯಲ್ಲಿ ಪ್ರತಿಕಣಗಳು ನೂರು ಕೋಟಿ ಇದ್ದಲ್ಲಿ ಕಣಗಳು ನೂರು ಕೋಟಿಯ ಮೇಲೆ ಸುಮಾರು ಒಂದು ಇದ್ದವು. ನೂರು ಕೋಟಿ ಜೊತೆಗಳು ಅಳಿದು ಬೆಳಕಾದವು; ಜೊತೆಯಿಲ್ಲದ ಆ ಒಂದು ಉಳಿಯಿತು. ಭಾಗಾಕಾರದ ಲೆಕ್ಕದಲ್ಲಿ ಮಕ್ಕಳು ಕೊನೆಯ ಸಾಲಿನಲ್ಲಿ ಬರೆದಿಡುವ ಶೇಷದಂತೆ, ಕಾಣುವ ಜಗತ್ತೆಲ್ಲವೂ ಒಂದು ಶೇಷ. ಈ ಶೇಷ ಎಲ್ಲಿಂದ ಬಂತು?

ಮೊದಲಿನಿಂದಲೇ ಹಾಗಿತ್ತೆಂದು ಹೇಳಿ ಕೈಬಿಡುವುದು ಸುಲಭ. ಸಖಾರೋವ್ ಹಾಗೆ ಬಿಡಲಿಲ್ಲ. ಸರಿಸಮನಾದ ಆರಂಭದಿಂದಲೇ ಈ ಹೆಚ್ಚಳ ಹುಟ್ಟಬೇಕಾದರೆ ಪ್ರಕೃತಿಯ ನಿಯಮಗಳು ಹೇಗಿರಬೇಕೆಂದು ಅವರು ಕೇಳಿದರು. ಅವರು ಇನ್ನೂ ಗುಪ್ತ ನಗರದ ಉದ್ಯೋಗದಲ್ಲಿದ್ದಾಗಲೇ, 1967ರ ಜನವರಿಯಲ್ಲಿ, ಕೆಲವೇ ಪುಟಗಳ ಲೇಖನವೊಂದು ಸೋವಿಯತ್ ಭೌತಶಾಸ್ತ್ರ ಪತ್ರಿಕೆಯಲ್ಲಿ ಪ್ರಕಟವಾಯಿತು. ಅದರಿಂದ ಹೊರಡುವ ಮೂರು ನಿಬಂಧನೆಗಳನ್ನು ಇಂದು ಅವರ ಹೆಸರಿನಿಂದಲೇ ಕರೆಯುತ್ತಾರೆ. ಮೊದಲನೆಯದು, ಪ್ರೋಟಾನು ಮತ್ತು ನ್ಯೂಟ್ರಾನುಗಳಂಥ ಭಾರಕಣಗಳ ಒಟ್ಟು ಲೆಕ್ಕ ಬದಲಾಗಲು ಸಾಧ್ಯವಿರಬೇಕು. ಅಂದರೆ ಪ್ರೋಟಾನೂ ಚಿರಂಜೀವಿಯಲ್ಲ. ಎರಡನೆಯದು, ಪ್ರಕೃತಿ ದ್ರವ್ಯವನ್ನೂ ಪ್ರತಿದ್ರವ್ಯವನ್ನೂ ಒಂದೇ ತಕ್ಕಡಿಯಲ್ಲಿ ತೂಗಬಾರದು, ಅಲ್ಪವಾದರೂ ಪಕ್ಷಪಾತವಿರಬೇಕು. ಮೂರನೆಯದು, ಆ ಗಳಿಗೆಯಲ್ಲಿ ವಿಶ್ವ ಪೂರ್ಣ ಸಮತೋಲದಲ್ಲಿರಬಾರದು. ಒಂದು ಬಾಗಿಲಿನಿಂದ ಒಳಗೆ ಬಂದಷ್ಟೇ ಜನ ಇನ್ನೊಂದು ಬಾಗಿಲಿನಿಂದ ಹೊರಗೆ ಹೋಗುತ್ತಿದ್ದರೆ ಸಭಾಂಗಣದ ಲೆಕ್ಕ ಬದಲಾಗದು. ಹಾಗೆಯೇ ಸಮತೋಲದಲ್ಲಿ ಆದದ್ದೆಲ್ಲ ಅಷ್ಟೇ ವೇಗದಲ್ಲಿ ಹಿಂದಿರುಗಿ ಅಳಿಯುತ್ತದೆ. ವಿಶ್ವ ರಭಸದಿಂದ ಹಿಗ್ಗಿ ತಣಿಯುತ್ತಿದ್ದುದರಿಂದ ಹಿಂದಿರುಗುವ ಬಾಗಿಲು ಮುಚ್ಚಿಕೊಂಡಿತು.

ಎರಡನೆಯ ನಿಬಂಧನೆಗೆ ಆಧಾರ ಆಗಲೇ ಸಿಕ್ಕಿತ್ತು. 1964ರಲ್ಲಿ ಅಮೆರಿಕದ ಕ್ರೋನಿನ್ ಮತ್ತು ಫಿಚ್ ಅವರ ತಂಡ ಕೆ-ಮೇಸಾನ್ ಎಂಬ ಕಣದ ಕ್ಷಯದಲ್ಲಿ, ಸಾವಿರಕ್ಕೆ ಎರಡರಷ್ಟು ಪ್ರಸಂಗಗಳಲ್ಲಿ, ನಿಯಮದ ಸಮತೆ ಮುರಿಯುವುದನ್ನು ಕಂಡಿತ್ತು. ಮೊದಲ ನಿಬಂಧನೆ ಮಾತ್ರ ಆ ದಿನಗಳಲ್ಲಿ ವಿಪರೀತವಾಗಿ ಕಂಡಿತು. ಸುಮಾರು ಹತ್ತು ವರ್ಷ ಲೇಖನವನ್ನು ಹೆಚ್ಚು ಜನ ಗಮನಿಸಲಿಲ್ಲ. ಎಪ್ಪತ್ತರ ದಶಕದಲ್ಲಿ, ಒಡಿಶಾದಲ್ಲಿ ಹುಟ್ಟಿದ ಜೋಗೇಶ್ ಪತಿ ಮತ್ತು ಪಾಕಿಸ್ತಾನದ ಅಬ್ದುಸ್ ಸಲಾಂ, ಆಮೇಲೆ ಇತರರು, ಪ್ರೋಟಾನು ಕ್ಷಯಿಸಬಹುದೆಂಬ ಸಿದ್ಧಾಂತಗಳನ್ನು ಮುಂದಿಟ್ಟಾಗ, ಸಖಾರೋವ್ ಮೊದಲೇ ಆ ಹಾದಿಯಲ್ಲಿ ನಡೆದಿದ್ದರೆಂಬುದು ಲೋಕಕ್ಕೆ ತಿಳಿಯಿತು.

ಈ ಕಥೆ ನಮ್ಮ ನೆರೆಗೂ ಬಂದಿತ್ತೆಂಬುದು ಹಳೆಯ ವಿದ್ಯಾರ್ಥಿಗಳಿಗೆ ಸಂತೋಷ ಕೊಡಬಹುದು. ಹೊಸೂರಿಗೆ ಹೆಚ್ಚು ದೂರವಿಲ್ಲದ ಕೋಲಾರದ ಚಿನ್ನದ ಗಣಿಯಲ್ಲಿ, ನೆಲದಿಂದ ಸುಮಾರು 2,300 ಮೀಟರು ಆಳದಲ್ಲಿ, 140 ಟನ್ ಕಬ್ಬಿಣವನ್ನು ಪದರ ಪದರವಾಗಿ ಜೋಡಿಸಿ, ನಡುನಡುವೆ ಶೋಧಕ ಕೊಳವೆಗಳನ್ನಿಟ್ಟು, ಭಾರತ ಮತ್ತು ಜಪಾನಿನ ವಿಜ್ಞಾನಿಗಳು 1980ರಿಂದ ಪ್ರೋಟಾನಿನ ಸಾವಿಗಾಗಿ ಕಾದು ಕುಳಿತರು. ಮೇಲಿನ ಬಂಡೆಯೇ ವಿಶ್ವಕಿರಣಗಳ ಗದ್ದಲವನ್ನು ತಡೆಯುವ ಕೊಡೆ. ನಂಜನಗೂಡಿನಲ್ಲಿ ಹುಟ್ಟಿದ ಬಿ. ವಿ. ಶ್ರೀಕಂಠನ್ ಅವರು ಈ ಗಣಿಯ ಪ್ರಯೋಗಗಳನ್ನು ಬೆಳೆಸಿದವರಲ್ಲಿ ಪ್ರಮುಖರು. ಕೆಲವು ಗುರುತುಗಳು ಪ್ರೋಟಾನಿನ ಕ್ಷಯವಿರಬಹುದೆಂಬ ಆಸೆ ಹುಟ್ಟಿಸಿದವು. ಬೇರೆಡೆಯ ದೊಡ್ಡ ಪ್ರಯೋಗಗಳು ಅದನ್ನು ಸಮರ್ಥಿಸಲಿಲ್ಲ. ಜಪಾನಿನ ಸೂಪರ್ ಕಮಿಯೋಕಾಂಡೆ 50,000 ಟನ್ ನೀರನ್ನು ಕಾದು ನೋಡಿದರೂ ಇಂದಿನವರೆಗೆ ಒಂದು ಪ್ರೋಟಾನಿನ ಸಾವನ್ನೂ ಕಂಡಿಲ್ಲ. ಕ್ಷಯದ ಮುಖ್ಯ ಬಗೆಗಳಲ್ಲಿ ಅದರ ಆಯುಸ್ಸು ಒಂದರ ಮುಂದೆ 34 ಸೊನ್ನೆಗಳನ್ನಿಟ್ಟಷ್ಟು ವರ್ಷಗಳನ್ನು ಮೀರುತ್ತದೆಂದು ತಿಳಿದಿದೆ. ಪಕ್ಷಪಾತದ ಕುರುಹುಗಳು ಮಾತ್ರ ಹೆಚ್ಚುತ್ತಿವೆ. 2001ರಲ್ಲಿ ಬಿ-ಮೇಸಾನುಗಳಲ್ಲಿ, 2025ರಲ್ಲಿ ಜಿನೀವಾದ ಸರ್ನ್ ಪ್ರಯೋಗಾಲಯದಲ್ಲಿ ಪ್ರೋಟಾನಿನ ಬಳಗಕ್ಕೇ ಸೇರಿದ ಭಾರಕಣವೊಂದರಲ್ಲಿ ಅದು ಕಂಡಿತು. ಆದರೂ ಇದುವರೆಗೆ ಅಳೆದ ಪಕ್ಷಪಾತ ನೂರು ಕೋಟಿಗೆ ಒಂದರ ಶೇಷವನ್ನು ಉಳಿಸಲು ಏನೇನೂ ಸಾಲದು. ನಿಬಂಧನೆಗಳು ನಿಂತಿವೆ, ಅವು ಹೇಗೆ ನೆರವೇರಿದವೆಂಬುದನ್ನು ಇನ್ನೂ ಯಾರೂ ಬಿಡಿಸಿಲ್ಲ.

ಸಖಾರೋವ್ ಅವರ ಬಾಳಿಗೆ ಮರಳೋಣ. ಆ ಲೇಖನ ಪ್ರಕಟವಾದ ಮರುವರ್ಷ, 1968ರಲ್ಲಿ, ಅವರು ಇನ್ನೊಂದು ದೀರ್ಘ ಪ್ರಬಂಧವನ್ನು ಬರೆದರು. ಅಣುಯುದ್ಧದ ಅಪಾಯ, ರಾಷ್ಟ್ರಗಳ ಸಹಬಾಳ್ವೆ, ಚಿಂತನೆಯ ಸ್ವಾತಂತ್ರ್ಯ ಅದರ ವಿಷಯಗಳು. ಅದು ಕೈಯಿಂದ ಕೈಗೆ ದಾಟಿ, ಪರದೇಶದ ಪತ್ರಿಕೆಗಳಲ್ಲಿ ಅಚ್ಚಾಯಿತು. ಗುಪ್ತ ನಗರದ ಬಾಗಿಲು ಅವರಿಗೆ ಮುಚ್ಚಿತು. 1969ರಲ್ಲಿ ಪತ್ನಿ ಕ್ಲಾವ್ದಿಯಾ ಕಾಯಿಲೆಯಿಂದ ತೀರಿಕೊಂಡರು. ಸಖಾರೋವ್ ತಮ್ಮ ಉಳಿತಾಯದ ಬಹುಭಾಗವನ್ನು ಕ್ಯಾನ್ಸರ್ ಆಸ್ಪತ್ರೆಯ ಕಟ್ಟಡಕ್ಕೂ ರೆಡ್ ಕ್ರಾಸಿಗೂ ದಾನವಿತ್ತು, ಹಿಂದಿನ ಲೆಬೆಡೆವ್ ಸಂಸ್ಥೆಯಲ್ಲಿ ಸಾಮಾನ್ಯ ಸಂಶೋಧಕರಾಗಿ ಸೇರಿದರು. 1970ರಲ್ಲಿ ಗೆಳೆಯರೊಡನೆ ಮಾನವ ಹಕ್ಕುಗಳ ಸಮಿತಿಯನ್ನು ಕಟ್ಟಿದರು. ಬರೆದ ಮಾತಿಗಾಗಿ, ನಂಬಿದ ಧರ್ಮಕ್ಕಾಗಿ, ಊರು ಬಿಟ್ಟು ಹೋಗಲು ಬಯಸಿದ್ದಕ್ಕಾಗಿ ಸೆರೆಯಾದವರ ವಿಚಾರಣೆಗಳಿಗೆ ಹೋಗಿ, ಒಳಗೆ ಬಿಡದಿದ್ದಾಗ ನ್ಯಾಯಾಲಯದ ಹೊರಗೆ ನಿಲ್ಲುತ್ತಿದ್ದರು. 1972ರಲ್ಲಿ ವೈದ್ಯೆ ಯೆಲೆನಾ ಬೊನೆರ್ ಅವರನ್ನು ವಿವಾಹವಾದರು. 1975ರಲ್ಲಿ ನೊಬೆಲ್ ಶಾಂತಿ ಪ್ರಶಸ್ತಿ ಬಂದಾಗ ದೇಶ ಬಿಡಲು ಅನುಮತಿ ದೊರೆಯಲಿಲ್ಲ. ಓಸ್ಲೋ ನಗರದಲ್ಲಿ ಬೊನೆರ್ ಪ್ರಶಸ್ತಿಯನ್ನು ಸ್ವೀಕರಿಸಿದ ದಿನ ಅವರು ವಿಲ್ನಿಯಸ್ ನಗರದಲ್ಲಿ, ಗೆಳೆಯ ಸೆರ್ಗೇ ಕೊವಾಲ್ಯೋವ್ ಅವರ ವಿಚಾರಣೆ ನಡೆಯುತ್ತಿದ್ದ ನ್ಯಾಯಾಲಯದ ಬಳಿ ಇದ್ದರು.

ಅಫ್ಘಾನಿಸ್ತಾನಕ್ಕೆ ಸೇನೆ ನುಗ್ಗಿದ್ದನ್ನು ಖಂಡಿಸಿದ್ದಕ್ಕಾಗಿ 1980ರ ಜನವರಿ 22ರಂದು ಅವರನ್ನು ಹಿಡಿದು, ಪರದೇಶದವರಿಗೆ ಪ್ರವೇಶವಿಲ್ಲದ ಗೋರ್ಕಿ ನಗರಕ್ಕೆ ಕಳುಹಿಸಲಾಯಿತು. ಬಿರುದುಗಳನ್ನೆಲ್ಲ ಕಿತ್ತುಕೊಂಡರು. ಮನೆಯ ಬಾಗಿಲಲ್ಲಿ ಹಗಲಿರುಳು ಕಾವಲು. ಆತ್ಮಕಥೆಯ ಹಸ್ತಪ್ರತಿಯನ್ನು ಕದ್ದಾಗಲೆಲ್ಲ ಅವರು ನೆನಪಿನಿಂದ ಮತ್ತೆ ಬರೆದರು. ಉಪವಾಸ ಕೈಗೊಂಡಾಗ ಆಸ್ಪತ್ರೆಯಲ್ಲಿ ಬಲವಂತವಾಗಿ ಆಹಾರ ತುರುಕಿದರು. ವಿಜ್ಞಾನ ಅಕಾಡೆಮಿ ಮಾತ್ರ ಅವರನ್ನು ಸದಸ್ಯತ್ವದಿಂದ ತೆಗೆಯಲಿಲ್ಲ. ಲೆಬೆಡೆವ್ ಸಂಸ್ಥೆಯ ಸಹೋದ್ಯೋಗಿಗಳು ಆಗಾಗ ಬಂದು ಭೌತಶಾಸ್ತ್ರವನ್ನು ಚರ್ಚಿಸುತ್ತಿದ್ದರು. ಅಲ್ಲಿಂದಲೂ ಅವರು ವಿಶ್ವವಿಜ್ಞಾನದ ಲೇಖನಗಳನ್ನು ಪ್ರಕಟಿಸಿದರು. ಹೀಗೆ ಏಳು ವರ್ಷಗಳು ಕಳೆಯುತ್ತ ಬಂದವು.

1986ರ ಡಿಸೆಂಬರಿನಲ್ಲಿ ಒಂದು ರಾತ್ರಿ ಆಳುಗಳು ಬಂದು ಮನೆಗೆ ದೂರವಾಣಿ ಜೋಡಿಸಿದರು. ಮರುದಿನ ಕರೆ ಮಾಡಿದವರು ದೇಶದ ನಾಯಕ ಗೊರ್ಬಚೇವ್. ಮಾಸ್ಕೋಗೆ ಹಿಂದಿರುಗಬಹುದೆಂದು ತಿಳಿಸಿದರು. ಸಖಾರೋವ್ ವಂದನೆ ಹೇಳಿ, ಸೆರೆಮನೆಯಲ್ಲಿ ಅದೇ ತಿಂಗಳು ಸತ್ತ ಗೆಳೆಯ ಮಾರ್ಚೆಂಕೋ ಅವರನ್ನು ನೆನೆದು, ಉಳಿದ ಸೆರೆಯಾಳುಗಳ ಬಿಡುಗಡೆಯ ಮಾತೆತ್ತಿದರು. 1989ರಲ್ಲಿ ಜನಪ್ರತಿನಿಧಿಗಳ ಮಹಾಸಭೆಗೆ ಆಯ್ಕೆಯಾದರು. ಅಫ್ಘಾನಿಸ್ತಾನದ ಯುದ್ಧದ ಬಗೆಗೆ ಮಾತನಾಡಿದಾಗ ತುಂಬಿದ ಸಭೆ ಕೂಗಿ ಅವರ ದನಿಯಡಗಿಸಲು ನೋಡಿತು. ಅವರು ವೇದಿಕೆಯಲ್ಲಿ ನಿಂತೇ ಇದ್ದರು. ಆ ವರ್ಷದ ಡಿಸೆಂಬರ್ 14ರ ರಾತ್ರಿ, 68ರ ವಯಸ್ಸಿನಲ್ಲಿ, ಮಾಸ್ಕೋದ ತಮ್ಮ ಮನೆಯಲ್ಲಿ ನಿಧನರಾದರು. ಕೊರೆಯುವ ಚಳಿಯಲ್ಲಿ ಅಪಾರ ಜನಸ್ತೋಮ ಸಾಲುಗಟ್ಟಿ ನಿಂತು ಅಂತಿಮ ದರ್ಶನ ಪಡೆಯಿತು.

ಇಂಥವರ ಬಾಳನ್ನು ಮಕ್ಕಳಿಗೆ ಹೇಳುವಾಗ ನಾವು ಅವರನ್ನು ದೇವರಾಗಿಸಬೇಕಿಲ್ಲ. ಅವರು ಮಾಡಿದ ಬಾಂಬುಗಳು ನಿಜ, ಅವುಗಳಿಂದ ಸತ್ತ ಮಗು ನಿಜ. ಮಾಡಿದ್ದರ ಲೆಕ್ಕವನ್ನು ತಾವೇ ಇಟ್ಟುಕೊಂಡು, ಅದರ ಬೆಲೆಯನ್ನು ತಾವೇ ತೆರಲು ಮುಂದಾದರು ಎಂಬುದರಲ್ಲಿ ಅವರ ಹಿರಿಮೆಯಿದೆ. ಅಳಿಸುವ ವಿದ್ಯೆಯಲ್ಲಿ ಪಾರಂಗತರಾದ ಮೇಲೆ, ಅಳಿಯದೆ ಉಳಿದದ್ದು ಹೇಗೆಂದು ಕೇಳುವ ವಿನಯ ಅವರಿಗಿತ್ತು. ಒಂದು ನಿಬಂಧನೆಯನ್ನು ಕಂಡ ಮೇಲೂ ಅದರ ಪುರಾವೆಗಾಗಿ ಒಂದು ತಲೆಮಾರು ಕಾಯಬೇಕಾದೀತೆಂಬುದು ಕೋಲಾರದ ಆಳದಲ್ಲಿ ಕಾದವರಿಗೂ ಗೊತ್ತಿತ್ತು. ವಿಜ್ಞಾನವನ್ನು ಕಲಿಸುವುದೆಂದರೆ ಈ ವಿನಯವನ್ನೂ ಈ ತಾಳ್ಮೆಯನ್ನೂ ಕಲಿಸುವುದು ಎಂದು ನಾವು ನಂಬಿದ್ದೇವೆ.

ನಮ್ಮ ನಾಡಿನ ಗಡಿಯಾಚೆ ಕನ್ನಡದಲ್ಲಿ ಕಲಿಯುವ ಮಕ್ಕಳ ಸಂಖ್ಯೆಯನ್ನು ಪ್ರತಿ ಜೂನ್ ತಿಂಗಳಲ್ಲಿ ಎಣಿಸುವಾಗ ಪಾಲಕರ ಮುಖದಲ್ಲಿ ಕಳವಳ ಮೂಡುವುದನ್ನು ನಾವು ಬಲ್ಲೆವು. ಎಣಿಕೆಯಲ್ಲಿ ಕಡಿಮೆಯಾದದ್ದೆಲ್ಲ ಲೆಕ್ಕಕ್ಕೆ ಬಾರದ್ದೆಂದು ತಿಳಿಯಬೇಕಿಲ್ಲ. ಮುಂದಿನ ವರ್ಷ ಒಂಬತ್ತನೆಯ ತರಗತಿಯ ಮಗುವೊಂದು ಮತ್ತೆ ಆ ಪ್ರಶ್ನೆಯನ್ನು ಕೇಳೀತು. ಉತ್ತರ ಇನ್ನೂ ಬರೆಯಲ್ಪಟ್ಟಿಲ್ಲ ಎಂಬುದನ್ನು ಅದಕ್ಕೆ ಮುಚ್ಚುಮರೆಯಿಲ್ಲದೆ ತಿಳಿಸೋಣ. ಬರೆಯುವ ಕೈ ಯಾವ ಊರಿನದು, ಯಾವ ನುಡಿಯಲ್ಲಿ ಅಕ್ಷರ ತಿದ್ದಿದ್ದು ಎಂಬುದನ್ನು ಈಗಲೇ ಯಾರೂ ನಿರ್ಧರಿಸಲಾರರು.